ನಮ್ಮ ಗಿರಣಿ ಮಾಧ್ಯಮವಾದ ಸಂಗತಿ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮ ಓಣಿ ಬಂದು ಕೂಡುವ ಕಡೆ ಒಂದು ಸೀರೆ ಅಂಗಡಿ ಇದೆ. ಅದರ ಮೇಲಿನ ಮಹಡಿಯಲ್ಲಿ ಮೊದಲು ಸೀರೆಗೆ ಫಾಲ್ ಹಚ್ಚುವ ಹೆಂಗಸೊಬ್ಬಳು ಇದ್ದಳು. ಅವಳು ಬಿಟ್ಟು ಹೋದ ಮೇಲೆ ಆ ಜಾಗ ಬಹಳ ದಿನ ಖಾಲಿ ಬಿದ್ದಿತ್ತು. ಆಮೇಲೆ ಒಂದು ಬೆಳಿಗ್ಗೆ ಅಲ್ಲಿ ಬೋರ್ಡು ಏರಿತು. ಬೇರೆ ಊರಿನ ಯಾವುದೋ ವಿಶ್ವವಿದ್ಯಾಲಯದವರು ಮಾಧ್ಯಮ, ರಾಜಕಾರಣ ಮತ್ತು ಸಾರ್ವಜನಿಕ ಮಾಹಿತಿಯ ಅಧ್ಯಯನಕ್ಕೆಂದು ತಮ್ಮ ಕೇಂದ್ರದ ಶಾಖೆ ತೆರೆದಿದ್ದರು. ಹೆಸರು ಉದ್ದ. ಕಟ್ಟಡದ ಮುಖ ಸಾಲದೆ ಬೋರ್ಡು ಮೂಲೆಯಲ್ಲಿ ತಿರುಗಿ ಪಕ್ಕದ ಗೋಡೆಗೂ ಹೋಗಿತ್ತು. ರಸ್ತೆಯಲ್ಲಿ ನಿಂತವರಿಗೆ ಮಾಧ್ಯಮ ಕಾಣುತ್ತಿತ್ತು, ರಾಜಕಾರಣ ಕಾಣುತ್ತಿತ್ತು. ಮಾಹಿತಿ ಬೇಕೆನ್ನುವವರು ಪಾನ್ ಅಂಗಡಿಯ ಹಿಂದಿನ ಸಂದಿಗೆ ಹೋಗಿ ಕತ್ತೆತ್ತಬೇಕಿತ್ತು.

ರೂಢಿ ತಪ್ಪದ ಹೆಂಗಸರು ಹೊಸ ಸೀರೆ ಹಿಡಿದು ಅದೇ ಮೆಟ್ಟಿಲು ಏರುತ್ತಲೇ ಇದ್ದರು. ಕೇಂದ್ರದವರು ಅವರನ್ನು ವಾಪಸು ಕಳಿಸಲಿಲ್ಲ. ಕುರ್ಚಿ ಹಾಕಿ ಕೂಡಿಸಿ ಪ್ರಶ್ನಾವಳಿ ತುಂಬಿಸಿಕೊಂಡರು. ನಮ್ಮ ಪಕ್ಕದ ಮನೆಯವರು ಬಂದು ಹೇಳಿದ್ದು ಇನ್ನೂ ನೆನಪಿದೆ. “ಫಾಲ್ ಹಚ್ಚಾಕ ಕೊಡ್ಬೇಕಂತ ಹೋದ್ನಿರಿ. ಪೇಪರ್ ಓದ್ತೀರೇನು, ಟಿ.ವಿ. ನೋಡ್ತೀರೇನು, ಯಾರ ಮ್ಯಾಲ ಭರೋಸಾ ಅಂತ ಕೇಳಿ, ಚಹಾ ಕೊಟ್ಟು ಕಳಿಸಿದ್ರು. ಮಂದಿ ಭಾಳ ಚಲೋ ಅದಾರ. ಸೀರಿ ಮಾತ್ರ ಹಂಗs ಉಳೀತು.”

ಆ ಕೇಂದ್ರದ ಸಂಶೋಧಕಿ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಳು. ಪುಣೆಯ ಹುಡುಗಿ. ನನ್ನನ್ನು ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ ‘ಕಾಕೂ’ ಎನ್ನುತ್ತಿದ್ದಳು. ಬಿಳಿ ಚಪ್ಪಲಿ ಹಾಕುತ್ತಿದ್ದಳು. ಸೊಲ್ಲಾಪುರದ ಧೂಳಿನಲ್ಲಿ ಬಿಳಿ ಚಪ್ಪಲಿ ಹಾಕುವವರ ಮನಸ್ಸು ಬಹಳ ಆಶಾವಾದಿಯಾಗಿರಬೇಕು ಎಂದು ನಾನು ಅಂದುಕೊಂಡೆ. ಅವಳ ಬಳಿ ಮಾತು ಹಿಡಿಯುವ ಒಂದು ಪುಟ್ಟ ಯಂತ್ರವಿತ್ತು. ಗಾಳಿಯ ಸದ್ದು ಬರಬಾರದೆಂದು ಅದಕ್ಕೆ ಬೂದು ತುಪ್ಪಳದ ಟೋಪಿ. ಚೀಲದಿಂದ ಅರ್ಧ ಹೊರಗೆ ಚಾಚಿದ್ದಾಗ ಬೆಕ್ಕಿನ ಮರಿ ಇಣುಕಿದಂತೆ ಕಾಣುತ್ತಿತ್ತು.

ಅವಳ ಕೆಲಸ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ. ಪ್ರಶ್ನೆಗಳು ಮರಾಠಿಯಲ್ಲಿ, ಹಳ್ಳಿಯವರ ಮಾತು ಕನ್ನಡದಲ್ಲಿ, ಅವಳ ವರದಿ ಇಂಗ್ಲಿಷಿನಲ್ಲಿ. “ಕಾಕೂ, ನಿಮಗೆ ಮೂರೂ ಬರುತ್ತವೆ. ನೀವೇ ಬನ್ನಿ,” ಎಂದಳು. ಅವಳು ಮರಾಠಿಯಲ್ಲಿ ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ನನಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು, ಮರಾಠಿ ಊರು ಕಲಿಸಿದ್ದು, ಕನ್ನಡ ಓದಲು ಬರೆಯಲು ತವರಿನಲ್ಲಿ ಅವ್ವ ಕಲಿಸಿದ್ದು. ಇಷ್ಟು ವರ್ಷ ಮೂರನ್ನೂ ಹಾಲಿನವನ ಜೊತೆ, ಮಕ್ಕಳ ಶಾಲೆಯವರ ಜೊತೆ, ಅತ್ತೆಯ ಜೊತೆ ಬೇರೆಬೇರೆಯಾಗಿ ಖರ್ಚು ಮಾಡಿದ್ದೆ. ಒಟ್ಟಿಗೆ ಬೇಕು ಎಂದವರು ಇವರೇ ಮೊದಲು.

ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ಒಪ್ಪಿಗೆ ಕೊಟ್ಟರು. “ಹೆಂಗೂ ಊರಿಗೆ ಹೋಗೋದು ಇದ್ದೇ ಇರತೈತಿ. ಹೋಗು. ವಿಶ್ವವಿದ್ಯಾಲಯಕ್ಕ ನಮ್ಮ ಅವ್ವನ ಪರಿಚಯ ಆಗಲಿ.”

ಹೋಗುವ ಮೊದಲು ಕೇಂದ್ರದಲ್ಲಿ ನನಗೆ ತರಬೇತಿ ಆಯಿತು. ಅಲ್ಲಿನ ನಿರ್ದೇಶಕರು ಸೌಮ್ಯ ಮನುಷ್ಯ, ಕನ್ನಡಕವನ್ನು ಒರೆಸಿ ಒರೆಸಿ ಮಾತಾಡುವವರು. ಅವರು ಹೇಳಿಕೊಟ್ಟದ್ದು ಒಂದೇ ನಿಯಮ. ಕೇಳಿದ್ದನ್ನು ಕೇಳಿದ ಹಾಗೆ ದಾಟಿಸಬೇಕು, ಏನನ್ನೂ ಕೂಡಿಸಬಾರದು, ಏನನ್ನೂ ಬಿಡಬಾರದು. ಸಿಸ್ಟರುಗಳ ಕೈಯಲ್ಲಿ ಬೆಳೆದವಳಿಗೆ ನಿಯಮ ಪಾಲಿಸುವುದು ಉಸಿರಾಟದ ಹಾಗೆ. ನಾನು ತಲೆಯಾಡಿಸಿದೆ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಊರು ಅಂದರೆ ಯಜಮಾನರ ಊರು. ಅಕ್ಕಲಕೋಟೆಯಿಂದ ಎಸ್.ಟಿ. ಬಸ್ಸಿನಲ್ಲಿ ಹೋಗಬೇಕು. ಹೊಲಮನೆ ಇರುವ ದೊಡ್ಡ ಕುಟುಂಬ. ಯಜಮಾನರ ಅಣ್ಣ ಹೊಲ ನೋಡಿಕೊಳ್ಳುತ್ತಾರೆ. ಮನೆಯ ಮುಂದಿನ ತಗಡಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇದೆ. ಅದನ್ನು ನಡೆಸುವುದು ಅವರ ಹೆಂಡತಿ, ನನ್ನ ನೆಗೆಣ್ಣಿ. ನಾನೂ ಊರೂ ಆಕೆಯನ್ನು ಅಕ್ಕಾ ಎಂದೇ ಕರೆಯುತ್ತೇವೆ. ತಲೆಗೆ ಟವೆಲು ಸುತ್ತಿ, ರೆಪ್ಪೆಯ ಕೂದಲಿಗೆ ಜೋಳದ ಹಿಟ್ಟು ಹತ್ತಿಸಿಕೊಂಡು ಕೂತರೆ ಅಕ್ಕನ ಮುಖ ಹಬ್ಬದ ದಿನ ಬಣ್ಣ ಹಚ್ಚಿದ ಗೊಂಬೆಯಂತಿರುತ್ತದೆ. ಗಿರಣಿಯ ಹೊರಗೆ ಎರಡು ಕಲ್ಲಿನ ಮೇಲೆ ಒಂದು ಹಲಗೆ. ಹಿಟ್ಟಿಗೆ ಬಂದ ಹೆಂಗಸರು ಅಲ್ಲಿ ಕೂಡುತ್ತಾರೆ.

ನಾನು ಮದುವೆಯಾಗಿ ಬಂದ ಹೊಸತು. ಯಾರದೋ ಮನೆಯ ನಿಶ್ಚಯ ಮುರಿಯಿತು ಎಂದು ಅತ್ತೆ ಹೇಳಿದರು. “ಯಾರು ಹೇಳಿದ್ರಿ?” ಎಂದು ಕೇಳಿದೆ. “ಗಿರಣ್ಯಾಗ ಕೇಳಿನಿ,” ಎಂದರು. ಅತ್ತೆ ಅಂದು ಮನೆಬಿಟ್ಟು ಕದಲಿರಲಿಲ್ಲ. ನನಗೆ ಆಶ್ಚರ್ಯವಾಗಿ ಅಕ್ಕನನ್ನೇ ಹೋಗಿ ಕೇಳಿದೆ. ಆಕೆ ನಕ್ಕು ಕೆಮ್ಮಿದಳು.

“ಹುಚ್ಚಿ. ಗಿರಣ್ಯಾಗ ಕೇಳಿನಿ ಅಂದ್ರ, ಯಾರು ಹೇಳಿದ್ರು ಅಂತ ಮುಂದ ಕೇಳಬ್ಯಾಡ ಅಂತ. ನಿಮ್ಮ ಸಿಸ್ಟರು ಇದನ್ನ ಕಲಿಸಿಲ್ಲೇನು?”

ಕಲಿಸಿರಲಿಲ್ಲ. ನಮ್ಮ ಊರಿನಲ್ಲಿ ಯಾರೂ ಇನ್ನೊಬ್ಬರ ಹೆಸರು ಹೇಳಿ ಸುದ್ದಿ ಹೇಳುವುದಿಲ್ಲ. ಹೇಳಿದವರು ಸಿಕ್ಕಿಬೀಳುತ್ತಾರೆ, ಜಗಳ ಬರುತ್ತದೆ. ಬಾವಿಯ ಹತ್ತಿರ ಕೇಳಿದ್ದು, ಬಸ್ಸಿನಲ್ಲಿ ಕೇಳಿದ್ದು, ಗಂಡಸರು ಚಹಾದ ಅಂಗಡಿಯಲ್ಲಿ ಕೇಳಿದ್ದು, ಸ್ವಂತ ನಾದಿನಿ ಕಿವಿಯಲ್ಲಿ ಉಸುರಿದ್ದು, ಎಲ್ಲವೂ ‘ಗಿರಣ್ಯಾಗ ಕೇಳಿದ್ದು’. ನಿಜ ಹೇಳಬೇಕೆಂದರೆ ಗಿರಣಿ ನಡೆಯುವಾಗ ಅಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಆ ಸದ್ದಿನಲ್ಲಿ ಸ್ವಂತ ಸೀನು ಕೂಡ ಕೇಳಿಸುವುದಿಲ್ಲ.

ಸಂಶೋಧಕಿ ನಮ್ಮ ಊರನ್ನೇ ಆರಿಸಿದ್ದು ಕಾಕೂನ ಮನೆಯಲ್ಲಿ ಊಟ ಸಿಗುತ್ತದೆ ಎಂದು. ಮೊದಲ ಮನೆಯಲ್ಲಿ, ಕುರಿಗಳಿಗೆ ನೀರಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಬ್ಬಾಕೆ ಬಂದು ಕೂತಳು. ಬೆಕ್ಕಿನ ಮರಿಯಂಥ ಯಂತ್ರವನ್ನು ಅವಳ ಮುಂದಿಟ್ಟೆವು. ಅವಳ ಕೈ ತಾನಾಗಿ ಅದನ್ನು ಸವರಲು ಹೋಗಿ ಹಿಂದೆ ಸರಿಯಿತು.

“ಊರಿನ ಸುದ್ದಿ ನಿಮಗ ಎಲ್ಲಿಂದ ತಿಳೀತೈತ್ರಿ?” ನಾನು ಕೇಳಿದೆ.

“ಗಿರಣ್ಯಾಗ ಕೇಳತೀವ್ರಿ.”

“ತಾಲೂಕಿನ ಸುದ್ದಿ?”

“ಅದೂ ಗಿರಣ್ಯಾಗ.”

“ದಿಲ್ಲಿದು?”

ಅವಳು ಸ್ವಲ್ಪ ಯೋಚಿಸಿದಳು. “ದಿಲ್ಲಿದು ಟಿ.ವಿ.ದಾಗ ಬರತೈತ್ರಿ. ಖರೇನೋ ಸುಳ್ಳೋ ಗಿರಣ್ಯಾಗ ತಿಳೀತೈತಿ.”

ಸಂಶೋಧಕಿಯ ಪೆನ್ನು ನಿಂತಿತು. ನಾನು, “ಇಲ್ಲಿ ಒಂದು ಪದ್ಧತಿ ಇದೆ,” ಎಂದು ಬಾಯಿ ತೆರೆದೆ. ಅವಳು ಮೃದುವಾಗಿ ಅಂಗೈ ತೋರಿಸಿದಳು. “ಕಾಕೂ, ಉತ್ತರ ಮಾತ್ರ. ನಿಯಮ.”

ಉತ್ತರ ಮಾತ್ರ ಕೊಟ್ಟೆ. ಮನೆಯಿಂದ ಮನೆಗೆ ಅದೇ ಉತ್ತರ. ಫಾರಂ ಹಿಡಿದು ಬಂದ ಪರಸ್ಥಳದವಳ ಮುಂದೆ ಯಾರು ತಾನೆ ಇನ್ನೊಬ್ಬರ ಹೆಸರು ಹೇಳಿಯಾರು? ಯಾವುದರ ಮೇಲೆ ಎಷ್ಟು ಭರೋಸಾ, ಹತ್ತರಲ್ಲಿ ಎಷ್ಟು ಎಂಬ ಪ್ರಶ್ನೆಯೂ ಇತ್ತು. ಪೇಪರಿಗೆ, ಟಿ.ವಿ.ಗೆ, ಮೊಬೈಲಿಗೆ ಜನ ನೋಡಿ ನೋಡಿ ಅಂಕ ಕೊಟ್ಟರು. ಗಿರಣಿಗೆ ಬಂದಾಗ ಒಬ್ಬ ಮುದುಕಿ, “ಹತ್ತಕ್ಕ ಹತ್ತು ಬರಕೊವ್ವಾ. ಅಕ್ಕಾ ಹಿಟ್ಟು ಭಾಳ ಸಣ್ಣ ಬೀಸ್ತಾಳ,” ಎಂದಳು. ನಮ್ಮ ಅತ್ತೆ ಯಾವ ಪ್ರಶ್ನೆಗೂ ಉತ್ತರ ಕೊಡದೆ ತಾವೇ ಕೇಳಿದರು. ಲಗ್ನ ಆಗೇತೇನು, ಆಗಿಲ್ಲಂದ್ರ ಯಾಕ ಆಗಿಲ್ಲ, ಬಿಳೇ ಚಪ್ಪಲಿ ಯಾಕ. ಅದನ್ನೂ ನಾನು ಏನೂ ಬಿಡದೆ ದಾಟಿಸಿದೆ.

ವರದಿ ಮಳೆಗಾಲದ ಹೊತ್ತಿಗೆ ಬಂತು. ನುಣುಪು ಕಾಗದದ ಪುಸ್ತಕ. ಮುಖಪುಟದಲ್ಲಿ ಟವೆಲು ಸುತ್ತಿದ ನಮ್ಮ ಅಕ್ಕ. ಒಳಗೆ, ಈ ಊರಿನಲ್ಲಿ ಪತ್ರಿಕೆ, ದೂರದರ್ಶನ, ಮೊಬೈಲು ಎಲ್ಲಕ್ಕಿಂತ ಹೆಚ್ಚು ನಂಬಿಕೆ ಗಳಿಸಿರುವ ಮಾಧ್ಯಮ ಒಂದು ಹಿಟ್ಟಿನ ಗಿರಣಿ ಎಂದು ಬರೆದಿತ್ತು. ಮರಾಠಿ ಪೇಪರುಗಳವರು ಅದನ್ನು ಎತ್ತಿಕೊಂಡು ಚೌಕಟ್ಟು ಹಾಕಿ ಛಾಪಿಸಿದರು. ಅಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದಳು. “ಹಿಂದಿನ ಪರದೆ ಹರದೈತಿ ನೋಡು. ಮೊದಲs ಹೇಳಿದ್ರ ಬ್ಯಾರೇದು ಹಾಕ್ತಿದ್ನಿ,” ಎಂದಳು. ಅಷ್ಟೇ ಆಕೆಗೆ ಅನಿಸಿದ್ದು.

ಆಮೇಲೆ ಚುನಾವಣೆ ಬಂತು.

ಮೊದಲು ಒಂದು ಪಕ್ಷದವನು ಗೋಧಿಯ ಚೀಲ ತಂದ. ಗೋಧಿ ಹಾಕಿಸಿ, ಗಿರಣಿ ಶುರುವಾದ ಮೇಲೆ ಪಕ್ಕದಲ್ಲಿ ನಿಂತು ತಮ್ಮ ಉಮೇದುವಾರನ ಗುಣಗಳನ್ನು ಗಂಟಲು ಹರಿಯುವ ಹಾಗೆ ಹೇಳಿದನಂತೆ. ಮೀಸೆ ಆಡಿದ್ದು ಅಕ್ಕನಿಗೆ ಕಾಣಿಸಿತು. ಒಂದು ಶಬ್ದವೂ ಕೇಳಿಸಲಿಲ್ಲ. ಸೌಜನ್ಯಕ್ಕೆ ತಲೆಯಾಡಿಸಿದಳು. ಮಾರನೆಯ ದಿನ ಎದುರಿನ ಪಕ್ಷದವರು ಇನ್ನೂ ದೊಡ್ಡ ಚೀಲ ತಂದರು. ಆಕೆ ಅಷ್ಟೇ ತಲೆಯಾಡಿಸಿದಳು. ಮೂರನೆಯ ಪಕ್ಷದವನಿಗೆ ಗಿರಣಿಯ ಅನುಭವವಿರಲಿಲ್ಲ. ಅರಿಶಿನದ ಕೊಂಬು ತಂದ. ಹಿಟ್ಟಿನ ಗಿರಣಿಯಲ್ಲಿ ಅರಿಶಿನ ಬೀಸಿದರೆ ಊರಿನ ಮಂದಿಯೆಲ್ಲ ವಾರಗಟ್ಟಲೆ ಹಳದಿ ಭಕ್ರಿ ತಿನ್ನಬೇಕಾಗುತ್ತದೆ. ಆಗದು ಎಂದಳು ಅಕ್ಕ. ಅವನು ಚೀಲ ಹೊತ್ತುಕೊಂಡು, ಈ ಗಿರಣಿ ಪಕ್ಷಪಾತಿ ಎಂದು ಹೇಳಿಕೊಂಡೇ ಊರು ದಾಟಿದ.

ಚುನಾವಣೆ ಅಧಿಕಾರಿಗಳು ಅಕ್ಕಲಕೋಟೆಯಲ್ಲಿ ನಡೆಸಿದ ಮಾಧ್ಯಮ ಪ್ರತಿನಿಧಿಗಳ ಸಭೆಗೂ ಕರೆ ಬಂತು. ಅತ್ತೆಯ ಚಲೋ ಶಾಲು ಹೊದ್ದು ಎಸ್.ಟಿ. ಹತ್ತಿ ಹೋದ ಅಕ್ಕನನ್ನು ಮುಂದಿನ ಸಾಲಿನಲ್ಲಿ ಒಂದು ಚಾನೆಲಿನವನ ಪಕ್ಕ ಕೂಡಿಸಿದರಂತೆ. ಆ ಹುಡುಗ ಕೇಳಿದನಂತೆ, “ಮಾವಶಿ, ನಿಮ್ದು ದೈನಿಕವೋ ಸಾಪ್ತಾಹಿಕವೋ?”

“ಲೈಟ್ ಇದ್ದ ದಿವಸರಿ,” ಎಂದಳಂತೆ ಅಕ್ಕ.

ಒಬ್ಬ ಸಾಹೇಬರು, ಪ್ರಸಾರ ಮಾಡುವ ಮೊದಲು ಪ್ರತಿಯೊಂದನ್ನೂ ಪರಿಶೀಲಿಸಬೇಕು ಎಂದು ಭಾಷಣ ಮಾಡಿದರು. ಆಕೆ ಜೋಳದಲ್ಲಿ ಹರಳು ನೋಡುವುದನ್ನು ಹೇಳುತ್ತಿದ್ದಾರೆ ಎಂದುಕೊಂಡು, ಅದು ತರುವವರ ಕೆಲಸ ಎಂದಳಂತೆ. ಕೊರಳಿಗೆ ಹಾಕುವ ಒಂದು ಕಾರ್ಡು ಕೊಟ್ಟು ಕಳಿಸಿದರು. ಆಕೆ ಅದನ್ನು ಗಿರಣಿಯ ನಟ್ಟು ಬಿಗಿಯುವ ಪಾನಾ ತೂಗುಹಾಕುವ ಮೊಳೆಗೆ ಹಾಕಿದಳು.

ಇದೆಲ್ಲ ಕೇಳಿ ನಾವು ಸೊಲ್ಲಾಪುರದಲ್ಲಿ ಕೂತು ನಕ್ಕೆವು. ಆದರೆ ನಾನು ಮುಂದಿನ ಸಲ ಊರಿಗೆ ಹೋದಾಗ ಗಿರಣಿಯ ಹೊರಗಿನ ಹಲಗೆ ಬರಿದಾಗಿತ್ತು. ಅದರ ಮೇಲೆ ಒಂದು ಕೋಳಿ ಕೂತಿತ್ತು. ಅದರಾಚೆ ಒಬ್ಬ ಪೊಲೀಸ್ ಹವಾಲ್ದಾರ. ಇಲ್ಲಿಂದ ಗಾಳಿಸುದ್ದಿ ಹುಟ್ಟಬಾರದೆಂದು ಅವನನ್ನು ಮಧ್ಯಾಹ್ನದ ಹೊತ್ತು ಅಲ್ಲಿ ಹಾಕಿದ್ದರು. ಪಕ್ಕದೂರಿನ ಹುಡುಗನೇ, ವಿನಯವಂತ. ಗಾಳಿಸುದ್ದಿ ಏನೂ ಹುಟ್ಟದೆ ಇದ್ದುದರಿಂದ ತೂಕಡಿಸುತ್ತಿದ್ದ.

ಹೆಂಗಸರು ಬರುತ್ತಿದ್ದರು. ಡಬ್ಬಿ ಇಡುತ್ತಿದ್ದರು. ಹೋಗಿಬಿಡುತ್ತಿದ್ದರು. ಹಿಟ್ಟು ಒಯ್ಯಲು ಮಕ್ಕಳನ್ನು ಕಳಿಸುತ್ತಿದ್ದರು. ನಾನಿರುವಾಗಲೇ ಒಬ್ಬಾಕೆಯನ್ನು ಅಕ್ಕ ತಡೆದು ನಿಲ್ಲಿಸಿದಳು.

“ಕುಂದರಲೇ ಸ್ವಲ್ಪ. ಏನ ಅವಸರ?”

“ಒಲ್ಲೆ ಅಕ್ಕಾ. ನಮ್ಮನಿಯವ್ರು ಬೈತಾರ. ನೀ ಅಲ್ಲಿ ಒಂದ ಮಾತ ಆಡಿದಿ ಅಂದ್ರ ಮಾಧ್ಯಮದಾಗ ಬಂದಂಗ ಅಂತಾರ.”

“ನಿಮ್ಮನಿಯಾವಗ ಮಾಧ್ಯಮ ಅಂದ್ರೇನು ಅಂತ ಗೊತ್ತೈತೇನು?”

“ಗೊತ್ತಿಲ್ಲ. ಅದಕ್ಕs ಅಂಜ್ಯಾನ,” ಎಂದು ಅವಳು ನಡೆದುಬಿಟ್ಟಳು.

ಅಂದು ಅಕ್ಕ ನನ್ನ ಎದುರು ಮೊದಲ ಸಲ ಟವೆಲಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಹೋದ ಮೇಲೆ ಕಂಡ ಮುಖ ಸಣ್ಣದಾಗಿತ್ತು. “ಬೀಸೋದು ಮಷಿನ್ ಮಾಡತೈತಿ, ತಂಗಿ. ನಾ ಇಲ್ಲಿ ಕುಂದ್ರೋದು ಆ ಹಲಗಿ ಸಲುವಾಗಿ. ಮನ್ಯಾಗ ನನ್ನ ಕೂಡ ಯಾರು ಮಾತಾಡ್ತಾರ? ಅವರು ಹೊಲದಿಂದ ಬಂದು ಉಂಡು ಮಕ್ಕೋತಾರ. ಅತ್ತಿ ಮಾತಾಡ್ತಾರ, ಖರೆ, ಅದು ಬ್ಯಾರೆ. ಈ ಮಂದಿ ಬರದs ಹೋದ್ರ ನಾ ಗಿರಣಿ ಮುಚ್ಚತೀನಿ. ನನಗ ಆ ಹಲಗಿ ಬೇಕು.”

ಅಕ್ಕ ಏನನ್ನೂ ಬೇಕು ಎಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಮಾರನೆಯ ವಾರ ಆಕೆಯನ್ನು ಸೊಲ್ಲಾಪುರಕ್ಕೆ ಕರೆತಂದು ಕೇಂದ್ರದ ಮೆಟ್ಟಿಲು ಹತ್ತಿಸಿದೆ. ಒಳಗೆ ಒಬ್ಬ ಹೆಂಗಸು ತೊಡೆಯ ಮೇಲೆ ಹಸಿರು ಸೀರೆ ಇಟ್ಟುಕೊಂಡು ಪ್ರಶ್ನಾವಳಿ ತುಂಬುತ್ತಿದ್ದಳು. ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಶೇಂಗಾ ಚಟ್ನಿಯ ಡಬ್ಬಿಯನ್ನು ನಿರ್ದೇಶಕರ ಮೇಜಿನ ಮೇಲೆ ತೆರೆದಿಟ್ಟು, ನೇರ ವಿಷಯಕ್ಕೆ ಬಂದಳು.

“ಸರ, ನನ್ನ ಮ್ಯಾಲ ಯಾರದೂ ಭರೋಸಾ ಇಲ್ಲ ಅಂತ ಬರದ್ಬಿಡ್ರಿ. ನಾ ಸಹಿ ಮಾಡ್ತೀನಿ.”

ನಾನು ದಾಟಿಸಿದೆ. ಅವರು ಚಿಟಿಕೆ ಚಟ್ನಿ ಬಾಯಿಗೆ ಹಾಕಿಕೊಂಡು ಕನ್ನಡಕ ಒರೆಸಿದರು. “ತಾಯಿ, ಅದನ್ನು ನೀವು ಹೇಳಿದರೆ ಆಗದು. ಜನ ಹೇಳಬೇಕು.”

“ಜನರ ಹೆಸರಿನ ಮ್ಯಾಲ ನಾ ಹೇಳಾಕತ್ತೀನಲ್ರಿ.”

“ನೀವು ಹೇಳಿದರೆ ಜನ ನಂಬುತ್ತಾರೆ ಎನ್ನುವುದೇ ನಮ್ಮ ವರದಿ. ನೀವೇ ಹೇಳಿದ್ದನ್ನು ಆಧಾರ ಮಾಡಿಕೊಂಡು ನಿಮ್ಮನ್ನು ಯಾರೂ ನಂಬುವುದಿಲ್ಲ ಎಂದು ನಾನು ಹೇಗೆ ಬರೆಯಲಿ?”

ಅಕ್ಕ ನನ್ನ ಕಡೆ ನೋಡಿದಳು. ಈಗ ನಾನು ದುಭಾಷಿಯಾಗಿ ಬಂದಿರಲಿಲ್ಲ, ನೆಗೆಣ್ಣಿಯಾಗಿ ಬಂದಿದ್ದೆ. ಆದ್ದರಿಂದ ನಿಯಮ ಬದಿಗಿಟ್ಟು, ಸಿಸ್ಟರುಗಳು ಕಲಿಸಿದ ಪೂರ್ಣ ವಾಕ್ಯಗಳ ಇಂಗ್ಲಿಷಿನಲ್ಲಿ, ‘ಗಿರಣ್ಯಾಗ ಕೇಳಿನಿ’ ಎಂದರೇನು ಎಂದು ವಿವರಿಸಿದೆ. ಅದು ಸುದ್ದಿಯ ಮೂಲವಲ್ಲ, ಮೂಲ ಕೇಳಬೇಡಿ ಎನ್ನುವ ಸಭ್ಯತೆ ಎಂದೆ. ನಿರ್ದೇಶಕರು ಎದ್ದು ನಿಂತರು. ಕಿಟಕಿಗೆ ಹೋದರು, ವಾಪಸು ಬಂದರು. ಅವರ ಕಣ್ಣಲ್ಲಿ ನೀರಿತ್ತು. ಅದರಲ್ಲಿ ಸ್ವಲ್ಪ ಚಟ್ನಿಯದೂ ಇರಬಹುದು.

“ಒಂದು ಇಡೀ ಊರು ತನ್ನ ಮೂಲವನ್ನು ಕಾಪಾಡುತ್ತದೆ,” ಎಂದರು. “ಇದು ಇನ್ನೂ ದೊಡ್ಡ ವಿಷಯ. ಇದಕ್ಕೇ ಬೇರೆ ಅಧ್ಯಯನ ಬೇಕು.”

“ಏನಂದ್ರು?” ಅಕ್ಕ ಕೇಳಿದಳು.

“ಇನ್ನೊಂದು ಪುಸ್ತಕ ಬರೀತಾರಂತ.”

ಅಕ್ಕ ಡಬ್ಬಿಯ ಮುಚ್ಚಳ ಹಾಕಿ ತನ್ನ ಕಡೆ ಎಳೆದುಕೊಂಡಳು. ಆಗ ಅವರು ಗಾಬರಿಯಾಗಿ, ಮರುಸಮೀಕ್ಷೆ ಮಾಡಿಸುತ್ತೇನೆ, ಜನ ನಂಬುವುದಿಲ್ಲ ಎಂದರೆ ಹಾಗೆಯೇ ಪ್ರಕಟಿಸುತ್ತೇನೆ ಎಂದು ಮಾತು ಕೊಟ್ಟರು. ಡಬ್ಬಿ ಮತ್ತೆ ಅವರ ಕಡೆ ಹೋಯಿತು.

ಸಮೀಕ್ಷೆಯ ಹಿಂದಿನ ದಿನ ಅಕ್ಕ ಮನೆಮನೆಗೆ ಹೋಗಿ ಕೈಮುಗಿದಳು. “ಗಿರಣಿ ಮ್ಯಾಲ ಭರೋಸಾ ಇಲ್ಲ ಅಂತ ಹೇಳ್ರವ್ವಾ. ಅಷ್ಟ ಹೇಳ್ರಿ ಸಾಕು.” ಎಲ್ಲರೂ ಒಪ್ಪಿಕೊಂಡರು. ಕೆಲವರು ಒಲೆಯ ಮುಂದೆ ಅಭ್ಯಾಸ ಕೂಡ ಮಾಡಿದರು.

ಸಂಶೋಧಕಿ ಮತ್ತು ನಾನು ಮತ್ತೆ ಮೊದಲ ಮನೆಯಿಂದ ಶುರುಮಾಡಿದೆವು. ಕುರಿಯ ಮನೆಯಾಕೆ ಈ ಸಲ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಎದುರಿನ ಕಟ್ಟೆಯ ಮೇಲೆ ಅಕ್ಕ, ನಮ್ಮನ್ನು ನೋಡದವಳಂತೆ.

“ಗಿರಣಿ ಮ್ಯಾಲ ಎಷ್ಟು ಭರೋಸಾ ಐತ್ರಿ?”

“ಏನೂ ಇಲ್ರಿ,” ಎಂದಳು ಸ್ಪಷ್ಟವಾಗಿ. ಅಕ್ಕ ಉಸಿರು ಬಿಟ್ಟದ್ದು ನನಗೆ ಕಾಣಿಸಿತು.

ಹೊಸ ಫಾರಮಿನಲ್ಲಿ ಒಂದು ಹೆಚ್ಚಿನ ಪ್ರಶ್ನೆ ಇತ್ತು. “ಯಾಕ ಇಲ್ರಿ?”

“ಅಕ್ಕಾ ಹಂಗ ಹೇಳಂದಾಳ್ರಿ.”

ನಾನು ಮತ್ತೆ ದುಭಾಷಿ. ಏನೂ ಕೂಡಿಸಲಿಲ್ಲ, ಏನೂ ಬಿಡಲಿಲ್ಲ. ಸಂಶೋಧಕಿ ಬರೆದುಕೊಂಡಳು, ಅಡಿಗೆರೆ ಎಳೆದಳು. ನಾನು ಕೊನೆಯ ಪ್ರಶ್ನೆ ಕೇಳಿದೆ. ಹಾಗಾದರೆ ಸುದ್ದಿ ನಿಮಗೆ ನಿಜವಾಗಿ ಹೇಳುವವರು ಯಾರು? ಕುರಿಯ ಮನೆಯಾಕೆ ಸೆರಗು ಸರಿಮಾಡಿಕೊಂಡಳು. ಕುರಿಗಳ ಕಡೆ ನೋಡಿದಳು. ಕಟ್ಟೆಯ ಮೇಲಿದ್ದ ಅಕ್ಕನ ಕಡೆ ಕ್ಷಮೆ ಕೇಳುವಂತೆ ನೋಡಿದಳು.

“ಗಿರಣ್ಯಾಗ ಅಂತs ಬರಕೋರಿ.”

ಎಲ್ಲ ಮನೆಯಲ್ಲೂ ಹೀಗೇ ಆಯಿತು. ಸುಳ್ಳು ಹೇಳಲು ಬಾರದವರಲ್ಲ ನಮ್ಮ ಊರಿನವರು. ಆದರೆ ಆ ಸುಳ್ಳು ನಿಲ್ಲಬೇಕಾದರೆ ಗಿರಣಿಯ ಬದಲು ಯಾರದಾದರೂ ಹೆಸರು ಹೇಳಬೇಕಿತ್ತು. ಅದು ಮಾತ್ರ ಯಾರಿಂದಲೂ ಆಗಲಿಲ್ಲ. ಗಿರಣಿಯ ಮೇಲಿನ ನಂಬಿಕೆ ಎಷ್ಟೆಂದರೆ ಗಿರಣಿ ಹೇಳಿದರೆ ಗಿರಣಿಯನ್ನೇ ನಂಬುವುದಿಲ್ಲ ಎನ್ನುವಷ್ಟು, ಎಂದು ಸಂಶೋಧಕಿ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಉತ್ಸಾಹದಿಂದ ಹೇಳಿದಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಅಕ್ಕ ಬಸ್ಸಿನ ತನಕ ಕಳಿಸಲು ಬಂದಿರಲಿಲ್ಲ.

ಇದನ್ನು ತಿರುಗಿಸಿದ್ದು ಹುಗ್ಗಿ.

ಗೋಧಿಯ ಚೀಲ ಮೊದಲು ತಂದ ಪಕ್ಷದವರು ಊರ ಹೊರಗೆ ಸಭೆ ಇಟ್ಟುಕೊಂಡರು. ಭಾಷಣದ ನಂತರ ಗೋಧಿ ಹುಗ್ಗಿಯ ಊಟ. ಸಭೆಯ ಬೆಳಿಗ್ಗೆ, ಹುಗ್ಗಿ ತಳ ಹತ್ತಿದೆ ಎಂದು ಊರಲ್ಲಿ ಸುದ್ದಿ ಆಯಿತು. ಯಾರೂ ಸಭೆಗೆ ಹೋಗಲಿಲ್ಲ. ಹುಗ್ಗಿ ನಿಜಕ್ಕೂ ಹತ್ತಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು, ಉಣ್ಣಲು ಹೋದವರು ಇದ್ದರಲ್ಲವೇ ತಿಳಿಯುವುದು. ಇದು ಎದುರಿನ ಪಕ್ಷದವರು ಗಿರಣಿಯ ಮೂಲಕ ಮಾಡಿಸಿದ ಕೆಲಸ ಎಂದು ಪೊಲೀಸರಿಗೆ ತಕರಾರು ಹೋಯಿತು.

ಮರುದಿನ ಮರುಸಮೀಕ್ಷೆಯ ಫಲ ತಿಳಿಸಲು ಸಂಶೋಧಕಿಯನ್ನು ಕರೆದುಕೊಂಡು ನಾನು ಊರಿಗೆ ಹೋದೆ. ಗಿರಣಿ ನಿಂತಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹಲಗೆಯ ಮೇಲೆ ನಮ್ಮ ಅತ್ತೆ ಒಬ್ಬರೇ, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಸೊಸೆ ಒಂಟಿಯಾಗಿದ್ದಾಳೆಂದು ಇತ್ತೀಚೆಗೆ ಅವರೇ ಬಂದು ಕೂಡುತ್ತಿದ್ದರು. ಅದು ಅಕ್ಕನಿಗೆ ಒಂಟಿತನಕ್ಕಿಂತ ಭಾರವಾಗಿತ್ತು ಎಂಬುದು ಬೇರೆ ಮಾತು. ಹವಾಲ್ದಾರ ಟೋಪಿ ತೆಗೆದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಆಯಿ, ಹುಗ್ಗಿ ತಳ ಹತ್ತೇತಿ ಅಂತ ನಿಮಗ ಯಾರ ಹೇಳಿದ್ರು? ಹೇಳ್ರಿ, ನಾ ಬರಕೊಂಡು ಹೋಗಬೇಕು. ಸಾಹೇಬ್ರು ಕುಂತಾರ ಅಲ್ಲಿ.”

ಅತ್ತೆ ಬಾಯಿ ತೆರೆದರು. ಆ ಬಾಯಿಂದ ಏನು ಬರುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು, ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅತ್ತೆ ಸೊಸೆಯ ಮುಖ ನೋಡಿದರು. ಬಾಯಿ ಹಾಗೇ ನಿಂತಿತು. ಅವರ ಕಣ್ಣು ತಗಡಿನ ಮಾಡಿಗೆ ಹೋಯಿತು, ಕೋಳಿಗೆ ಹೋಯಿತು, ಬೆಕ್ಕಿನ ಮರಿಯಂಥ ಯಂತ್ರಕ್ಕೆ ಬಂತು, ಅದನ್ನು ಹಿಡಿದವಳ ಹತ್ತಿರ ನಿಂತಿತು.

“ಈ ಹುಡುಗಿ ಕೇಂದ್ರದಾಗ ಕೇಳಿನಿ,” ಎಂದರು.

ನಮ್ಮ ಅತ್ತೆ ಆ ಕೇಂದ್ರವನ್ನು ಕನಸಿನಲ್ಲೂ ನೋಡಿದವರಲ್ಲ. ಹವಾಲ್ದಾರ ಎದ್ದು ಸಂಶೋಧಕಿಯ ಕಡೆ ತಿರುಗಿದ. “ಮ್ಯಾಡಮ್, ಖರೇ ಏನ್ರಿ? ನಿಮ್ಮ ಕೇಂದ್ರದಾಗ ಹೇಳಿದ್ದೇನಿದು?”

ಅವಳು ಗಾಬರಿಯಾದರೂ ನಿಯಮ ಮರೆಯಲಿಲ್ಲ. ಸಮೀಕ್ಷೆಯಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂಬುದನ್ನು ಹೊರಗೆ ಬಿಡುವಂತಿಲ್ಲ, ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ ಎಂದಳು. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ತಂದೆ.

ಹವಾಲ್ದಾರನ ಮುಖ ಹಗುರಾಯಿತು. “ಹಂಗಂದ್ರ ಮುಗೀತು. ಶಿಕ್ಷಣದ ಮಂದಿ ಹೇಳ್ಯಾರ ಅಂದ್ರ ನಾವೇನ ಮಾಡೋದೈತಿ,” ಎಂದು ಬರೆದುಕೊಂಡು, ಕೇಂದ್ರ ಎಲ್ಲಿದೆ ಎಂದು ಕೇಳಿದ. ಸೀರೆ ಅಂಗಡಿಯ ಮೇಲೆ ಎಂದೆ. ಮೋಟಾರುಸೈಕಲ್ ಹತ್ತಿ ಹೋದ.

“ಅತ್ತಿ, ಏನಂದ್ರಿ ನೀವು?” ಅಕ್ಕ ಮೆಲ್ಲಗೆ ಕೇಳಿದಳು.

“ನಾ ಏನಂದ್ನಿ? ಅವರs ಅಲ್ಲ ಅನ್ನಲಿಲ್ಲಲ್ಲ,” ಎಂದು ಅತ್ತೆ ಜೋಳ ಕೇರಿದರು.

ಒಂದು ವಾರ ಹಿಡಿಯಲಿಲ್ಲ. ಯಾರ ಆಡು ಯಾರ ಹೊಲ ಮೇಯಿತು, ಯಾವ ಮನೆಗೆ ವರ ನೋಡಲು ಬಂದರು, ಯಾವ ಸರಪಂಚ ಯಾವ ಪಕ್ಷಕ್ಕೆ ಹೋದ ಎಂಬುದೆಲ್ಲ ‘ಕೇಂದ್ರದಾಗ ಕೇಳಿದ್ದು’ ಆಯಿತು. ಯಾರು ಎಂದು ಯಾರೂ ಮುಂದೆ ಕೇಳುವಂತಿರಲಿಲ್ಲ. ಕೇಳಿದರೆ ಕೇಂದ್ರದವರೇ ಹೇಳುವುದಿಲ್ಲ ಎಂದು ಹವಾಲ್ದಾರನೇ ಸಾಕ್ಷಿ. ಒಮ್ಮೆ ನಾನು ಮಂಗಳವೇಢೆಯಲ್ಲಿ ಒಂದು ಮದುವೆ ಮುಗಿಸಿ ಬರುವಾಗ, ಬಸ್ಸಿನಲ್ಲಿ ಸಲಗರ ಬುದ್ರುಕದ ಕಡೆಯ ಒಬ್ಬ ಹೆಂಗಸು ಪಕ್ಕದವಳಿಗೆ ಬೀಗಿತ್ತಿಯ ಮೇಲೆ ಬಹಳ ಕೆಟ್ಟ ಮಾತೊಂದನ್ನು ಹೇಳಿ, ಯಾರಂದ್ರು ಎಂದು ಕೇಳಿದ್ದಕ್ಕೆ “ಕೇಂದ್ರದಾಗ” ಎಂದಳು. ನಾನು ತಲೆ ತಗ್ಗಿಸಿಕೊಂಡು ಕೈಚೀಲದ ಹಿಡಿಕೆ ನೋಡಿದೆ.

ಪಕ್ಷದವರು ಹೊಸ ಮಾಧ್ಯಮ ಹುಡುಕಿಕೊಂಡು ಸೊಲ್ಲಾಪುರಕ್ಕೆ ಬಂದರು. ಬರಿಗೈಲಿ ಹೋದರೆ ಮಾಧ್ಯಮದವರು ಕೇಳಿಸಿಕೊಳ್ಳುವುದಿಲ್ಲ ಎಂದು ಗಿರಣಿಯ ಅನುಭವದಿಂದ ಕಲಿತಿದ್ದರಿಂದ ಗೋಧಿಯ ಚೀಲ ಹೊತ್ತುಕೊಂಡೇ ಬಂದರು. ಬೀಸುವ ಯಂತ್ರ ಎಲ್ಲಿದೆ ಎಂದು ನಿರ್ದೇಶಕರನ್ನು ಕೇಳಿದರಂತೆ. ಚೀಲಗಳು ಮೆಟ್ಟಿಲ ಮೇಲೆ ಕೂತವು. ಫಾಲ್ ಹಚ್ಚಿಸಲು ಬಂದವರು ಸೀರೆ ಎತ್ತಿ ಹಿಡಿದು ಅಡ್ಡಡ್ಡ ಏರಬೇಕಾಯಿತು. ಹವಾಲ್ದಾರನೂ ಆಗಾಗ ಬಂದು ಅಲ್ಲಿಯ ಕುರ್ಚಿಯಲ್ಲಿ ಕೂತು, ಗಾಳಿಸುದ್ದಿ ಹುಟ್ಟುವುದೋ ಎಂದು ನೋಡುತ್ತ ತೂಕಡಿಸಿ ಹೋಗುತ್ತಿದ್ದ.

ಮೂರನೆಯ ಸಮೀಕ್ಷೆ ನಡೆದಾಗ ಊರಿನಲ್ಲಿ ಗಿರಣಿಯ ಹೆಸರು ಯಾರೂ ಎತ್ತಲಿಲ್ಲ. ಎಲ್ಲಕ್ಕಿಂತ ಹೆಚ್ಚು ನಂಬಿಕೆಯ ಮಾಧ್ಯಮವಾಗಿ ಕೇಂದ್ರವೇ ಬಂತು. ನಿರ್ದೇಶಕರು ಕನ್ನಡಕವನ್ನು ಮೇಜಿನ ಮೇಲಿಟ್ಟು, ಒರೆಸಲೂ ಇಲ್ಲ. “ನಾವೇ ಮಾಧ್ಯಮವಾದ ಮೇಲೆ ನಾವು ಅದನ್ನು ಅಧ್ಯಯನ ಮಾಡುವಂತಿಲ್ಲ. ನಿಷ್ಪಕ್ಷಪಾತ ಹೋಯಿತು,” ಎಂದರು. ಅಕ್ಕಲಕೋಟೆ ತಾಲೂಕನ್ನು ಅಧ್ಯಯನದಿಂದ ಕೈಬಿಟ್ಟರು. ಸಂಶೋಧಕಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಅಡುಗೆಮನೆಗೆ ಬಂದು, ಕಾಕೂ, ತಪ್ಪಿ ಮೆಟ್ಟಿಲು ಹತ್ತಿದವರ ಫಾರಂಗಳು ಒಂದು ಕಪಾಟಿನ ತುಂಬ ಇವೆ, ಅದರ ಮೇಲೆಯೇ ಪಿಎಚ್.ಡಿ. ಮಾಡುತ್ತೇನೆ ಎಂದಳು. ಭಕ್ರಿ ಹಾಕಿದೆ. ಉಂಡಳು.

ದೀಪಾವಳಿ ಮುಗಿದ ಮೇಲೆ ನಾನು ಊರಿಗೆ ಹೋದೆ. ಗಿರಣಿಯ ಮುಂದೆ ಹಲಗೆ ತುಂಬಿತ್ತು. ಕೂಡಲು ಜಾಗ ಸಾಲದೆ ಇಬ್ಬರು ಜೋಳದ ಚೀಲದ ಮೇಲೆ ಕೂತಿದ್ದರು. ಕುರಿಯ ಮನೆಯಾಕೆ ಯಾರದೋ ಸೊಸೆಯ ಸಂಗತಿ ಹೇಳುತ್ತಿದ್ದಳು. ಒಳಗೆ ಗಿರಣಿ ಶುರುವಾದಾಗೆಲ್ಲ ಮಾತು ಅರ್ಧಕ್ಕೆ ನಿಲ್ಲಿಸಿ, ನಿಂತ ಕೂಡಲೇ ಅದೇ ಶಬ್ದದಿಂದ ಮುಂದುವರಿಸುತ್ತಿದ್ದಳು. ನನ್ನನ್ನು ನೋಡಿ ಅವಳು ಸರಿದು ಕೂತಳು. “ಬರ್ರಿ ಸೊಲ್ಲಾಪುರದವ್ರ. ನಿಮ್ಮ ಕೇಂದ್ರದ ಸುದ್ದೀನs ಹೇಳಾಕತ್ತೀನಿ.”

“ಅಕ್ಕಾ, ಹಿಟ್ಟು ಆತೇನ?” ಎಂದು ಯಾರೋ ಕೇಳಿದರು.

“ಯಾವಾಗಲೋ ಆಗೇತಿ,” ಎಂದಳು ಅಕ್ಕ ಒಳಗಿನಿಂದ. ಟವೆಲು ಬಿಚ್ಚಿ ಜಾಡಿಸುತ್ತ ಹೊರಗೆ ಬಂದು, ನನ್ನ ಮತ್ತು ಕುರಿಯ ಮನೆಯಾಕೆಯ ನಡುವೆ ತೂರಿಕೊಂಡು ಕೂತಳು. ಲೈಟು ಹೋಗಿತ್ತು. ತುಂಬಿದ ಡಬ್ಬಿಗಳು ಬಾಗಿಲಲ್ಲಿ ಸಾಲಾಗಿದ್ದವು, ಬಿಸಿ ಹಿಟ್ಟಿನ ವಾಸನೆ ಬರುತ್ತಿತ್ತು. ಬೀಸುವುದು ಇನ್ನೇನೂ ಉಳಿದಿರಲಿಲ್ಲ. ಯಾರೂ ಏಳಲಿಲ್ಲ.